ಶನಿಯ ಉಂಗುರಕ್ಕೆ ಬಂದ ದೂರುಗಳು

ಇಂಪನಾ ನಮ್ಮ ಹೋಟೆಲಿಗೆ ಮೊದಲ ಸಲ ಬಂದದ್ದು ಜಗಳವಾಡಲು. ಬಂದವಳೇ ಗಲ್ಲಾದ ಎದುರು ನಿಂತು, ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, ಈ ಮೆಸೇಜು ಕಳಿಸಿದ ರಕ್ಷಿತ್ ಯಾರು ಎಂದು ಕೇಳಿದಳು. ನಾನೇ ಎಂದೆ. ಕೇಸು ಹಾಕುವುದಾದರೆ ಹಾಕಿ, ಬರೆದದ್ದರಲ್ಲಿ ಒಂದಕ್ಷರವನ್ನೂ ತೆಗೆಯುವುದಿಲ್ಲ ಎಂದಳು.

ಮೆಸೇಜು ಹೀಗಿತ್ತು: ‘ನಮ್ಮ ಅಜ್ಜನ ಕಾದಂಬರಿಯ ಮೇಲೆ ತಾವು ಬರೆದ ದೂರು ಗಮನಕ್ಕೆ ಬಂದಿದೆ. ಪುಣೆಯ ಸ್ವಾರಗೇಟ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲ್ ಶಾಂಭವಿಗೆ ಖುದ್ದಾಗಿ ಬಂದು ಅದನ್ನು ದೂರಿನ ಪುಸ್ತಕದಲ್ಲಿ ಸಹಿಯೊಂದಿಗೆ ಬರೆದುಕೊಡಬೇಕಾಗಿ ವಿನಂತಿ.’ ನನಗೆ ಇದು ಬಹಳ ಸಭ್ಯವಾದ ಪತ್ರ ಎಂದೇ ಅನಿಸಿತ್ತು. ಹದಿಮೂರು ವರ್ಷ ಗಲ್ಲಾದ ಮೇಲೆ ಕೂತವನ ಭಾಷೆ ಇಷ್ಟೇ ಇರುತ್ತದೆ. ಅದು ಪೊಲೀಸ್ ಠಾಣೆಯ ಸಮನ್ಸಿನ ಹಾಗೆ ಕಾಣುತ್ತದೆ ಎಂದು ಅವಳು ಹೇಳಿದ ಮೇಲೆ ಗೊತ್ತಾಯಿತು.

‘ಕೂತ್ಕೊಳ್ಳಿ ಮೇಡಂ. ಕೇಸು ಎಂತದೂ ಇಲ್ಲ. ಒಂದು ಕಾಫಿ ಕುಡೀರಿ,’ ಎಂದೆ.

ಕೂತಳು. ಬ್ಯಾಗನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡೇ ಕೂತಳು. ಕಾಫಿ ಒಂದು ಗುಟುಕು ಕುಡಿದು, ಹುಬ್ಬು ಏರಿಸಿ ಲೋಟವನ್ನು ನೋಡಿದಳು. ಎಡಗಡೆಯ ಹುಬ್ಬು ಮಾತ್ರ ಏರಿತು, ಬಲಗಡೆಯದು ಇದ್ದಲ್ಲೇ ಇತ್ತು. ದಿನಕ್ಕೆ ನಾಲ್ಕುನೂರು ಗಿರಾಕಿಗಳನ್ನು ನೋಡುವ ನಾನು ಒಬ್ಬಳ ಹುಬ್ಬನ್ನು ಇಷ್ಟು ವಿವರವಾಗಿ ನೋಡಿದೆ ಎಂದರೆ ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

‘ಕಾಫಿ ಸರಿ ಇಲ್ವಾ?’

‘ಚೆನ್ನಾಗಿದೆ. ಅದೇ ಆಶ್ಚರ್ಯ,’ ಎಂದಳು.

ಇಂಪನಾ ಮಳವಳ್ಳಿ ಕಡೆಯವಳು. ಹಿಂಜವಾಡಿಯ ಒಂದು ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಮಾಡಿದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವಳ ಉದ್ಯೋಗ. ರಜೆಯ ದಿನ ಸುಮ್ಮನಿರಲಾಗದೆ ಹಳೆಯ ಕನ್ನಡ ಸಾಹಸ ಕಾದಂಬರಿಗಳನ್ನು ಓದಿ, ಅವುಗಳಲ್ಲಿ ತಪ್ಪು ಹುಡುಕಿ, ಪುಣೆಯ ಕನ್ನಡ ಓದುಗರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದಳು. ಹಾಗೆ ಒಂದು ರದ್ದಿ ಅಂಗಡಿಯಲ್ಲಿ ಅವಳಿಗೆ ಸಿಕ್ಕಿದ್ದು ‘ಶನಿಯ ಉಂಗುರದ ಕಳ್ಳರು’. ಸಾವಿರದ ಒಂಬೈನೂರ ಅರವತ್ತೈದರಲ್ಲಿ ಅಚ್ಚಾದ ಪುಸ್ತಕ. ಮುಖಪುಟದಲ್ಲಿ ಬೆಂಕಿ ಉಗುಳುವ ನೌಕೆ, ನೌಕೆಯ ಬಾಗಿಲಲ್ಲಿ ಸೀರೆಯುಟ್ಟ ಹುಡುಗಿ. ಬರೆದವರ ಹೆಸರು ‘ಗಗನಸಂಚಾರಿ’. ಆ ಗಗನಸಂಚಾರಿ ಜೀವನದಲ್ಲಿ ವಿಮಾನವನ್ನೂ ಹತ್ತಿದವರಲ್ಲ. ಅವರು ನನ್ನ ಅಜ್ಜ, ಮೋಹನದಾಸ್. ಎಂಬತ್ತನಾಲ್ಕು ವರ್ಷವಾದರೂ ಈಗಲೂ ಬೆಳಿಗ್ಗೆ ಗಲ್ಲಾದ ಪಕ್ಕ ಸ್ಟೂಲು ಹಾಕಿ ಕೂರುತ್ತಾರೆ.

ಇಂಪನಾ ಆ ಕಾದಂಬರಿಯಲ್ಲಿ ಹದಿನಾಲ್ಕು ತಪ್ಪು ಹುಡುಕಿದ್ದಳು. ಶನಿಯ ಉಂಗುರ ಡಾಂಬರು ರಸ್ತೆಯ ಹಾಗೆ ಗಟ್ಟಿಯಾಗಿದೆ; ಕಳ್ಳರು ಅದರ ಮೇಲೆ ಓಡುತ್ತಾರೆ. ನೌಕೆಯ ಎಂಜಿನ್ ಕೋಣೆ ಥೇಟು ಹೋಟೆಲಿನ ಅಡುಗೆಮನೆ. ಕ್ಯಾಪ್ಟನ್ ವಿಜಯೇಂದ್ರ ಗಂಟೆ ಬಾರಿಸಿ ಬಾಯ್ಲರಿಗೆ ಕಲ್ಲಿದ್ದಲು ಹಾಕಿಸುತ್ತಾನೆ. ಈ ಲೇಖಕ ಹೋಟೆಲು ಬಿಟ್ಟು ಬೇರೇನನ್ನೂ ನೋಡಿದಂತಿಲ್ಲ ಎಂದು ಅವಳು ಬರೆದಿದ್ದಳು. ಅದೊಂದನ್ನು ಮಾತ್ರ ತಪ್ಪು ಎನ್ನಲು ಬರುವುದಿಲ್ಲ. ಗುಂಪಿನವರು ಬಿದ್ದು ಬಿದ್ದು ನಕ್ಕರು, ಹತ್ತು ಕಡೆ ಫಾರ್ವರ್ಡ್ ಮಾಡಿದರು. ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ವ್ಯಾಪಾರಿ ಪ್ರಲ್ಹಾದ ಕಾಕಾ ಅದನ್ನು ನನಗೂ ಕಳಿಸಿದರು.

ಅಜ್ಜ ನೊಂದುಕೊಳ್ಳುತ್ತಾರೆಂದು ನಾನು ಅರ್ಧ ಬಿಟ್ಟು ಅರ್ಧ ಓದಿ ಹೇಳಿದೆ. ಬಿಟ್ಟದ್ದು ಅವರಿಗೆ ತಿಳಿಯಿತು. ಪೂರ್ತಿ ಓದಿಸಿಕೊಂಡರು.

‘ಅರವತ್ತು ವರ್ಷದಲ್ಲಿ ಇದು ಮೊದಲ ಹೊಸ ದೂರು ಮಾರಾಯ,’ ಎಂದರು. ‘ಉತ್ತರ ಕೊಡ್ಬೇಕು. ಅವಳಿಗೆ ಬಂದು ಪುಸ್ತಕದಲ್ಲಿ ಬರೀಲಿಕ್ಕೆ ಹೇಳು.’

ಪುಸ್ತಕದ ಪದ್ಧತಿಯನ್ನು ಇಂಪನಾಳಿಗೆ ವಿವರಿಸಿದೆ. ನಮ್ಮ ಗಲ್ಲಾದ ಪಕ್ಕ ಒಂದು ಮೊಳೆ ಇದೆ. ಮೊಳೆಗೆ ಹುರಿಯಲ್ಲಿ ಕಟ್ಟಿದ ದೂರಿನ ಪುಸ್ತಕ ತೂಗುತ್ತದೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಓದಬಹುದು. ದೂರಿನ ಕೆಳಗೆ ಮ್ಯಾನೇಜರು ಕೆಂಪು ಶಾಯಿಯಲ್ಲಿ ಉತ್ತರ ಬರೆದು ತಾರೀಖು ಹಾಕಬೇಕು. ಅಜ್ಜನ ಸೋದರಮಾವ ಹೋಟೆಲು ಶುರು ಮಾಡಿದ ದಿನ ಹಾಕಿದ ನಿಯಮ ಇದು. ಸಾಮಾನ್ಯವಾಗಿ ನಾವು ಬರೆಯುವ ಉತ್ತರ ಒಂದೇ: ‘ದೂರು ಗಮನಕ್ಕೆ ಬಂದಿದೆ. ಸುಧಾರಿಸಲಾಗುವುದು.’

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅಜ್ಜ ಇದೇ ಗಲ್ಲಾದ ಮೇಲೆ ಕೂತು ಕಾದಂಬರಿ ಬರೆದರು. ಒಂದು ಭಾಗ ಮುಗಿದ ಕೂಡಲೇ ನೋಟ್‌ಬುಕ್ಕಿನಲ್ಲಿ ನಕಲು ಮಾಡಿ ಇನ್ನೊಂದು ಮೊಳೆಗೆ ತೂಗಹಾಕುತ್ತಿದ್ದರು. ಬಸ್ಸಿಗೆ ಕಾಯುವ ಕನ್ನಡದವರು ಚಹಾ ಕುಡಿಯುತ್ತ ಓದುತ್ತಿದ್ದರು. ಓದಿದ ಮೇಲೆ ಅಭಿಪ್ರಾಯ ಬರೆಯಲು ಬೇರೆ ಜಾಗವಿರಲಿಲ್ಲ. ಹಾಗಾಗಿ ದೂರಿನ ಪುಸ್ತಕದಲ್ಲೇ ಬರೆದರು.

ಇಂಪನಾಳ ಹುಬ್ಬು ಎರಡನೆಯ ಸಲ ಏರಿತು. ‘ಆ ಪುಸ್ತಕಗಳು ಈಗಲೂ ಇದಾವಾ?’

ಇದ್ದವು. ಗೋಡೌನಿನಲ್ಲಿ ಅಕ್ಕಿ ಮೂಟೆಗಳ ಹಿಂದೆ, ಹನ್ನೊಂದು. ಆ ದಿನ ಅವಳು ತನ್ನ ಹದಿನಾಲ್ಕು ದೂರುಗಳನ್ನು ಬರೆದು ಸಹಿ ಹಾಕಿ ಹೋದಳು. ಅಜ್ಜ ಎರಡು ದಿನ ಕೂತು ಪ್ರತಿಯೊಂದಕ್ಕೂ ಉತ್ತರ ಬರೆದರು. ಉತ್ತರ ಓದಲು ಅವಳು ಮತ್ತೆ ಬರಲೇಬೇಕಲ್ಲ, ಮುಂದಿನ ಭಾನುವಾರ ಬಂದಳು. ಹಿಂಜವಾಡಿಯಿಂದ ಸ್ವಾರಗೇಟಕ್ಕೆ ಬಸ್ಸಿನಲ್ಲಿ ಎರಡು ಗಂಟೆ. ಅಜ್ಜನ ನೌಕೆ ಶನಿಯನ್ನು ಮುಟ್ಟಿದ್ದು ಒಂಬತ್ತು ಪುಟದಲ್ಲಿ.

ಅವಳ ಆರನೆಯ ದೂರು ಹೀಗಿತ್ತು: ‘ತೂಕವೇ ಇಲ್ಲದ ಕಡೆ ಸಾಂಬಾರು ಬಕೆಟ್ಟಿನಲ್ಲಿ ಹೇಗೆ ನಿಂತಿತು?’ ಅದರ ಕೆಳಗೆ ಕೆಂಪಿನಲ್ಲಿ ‘ಮುಚ್ಚಳ ಇತ್ತು’ ಎಂದಿತ್ತು.

ಅವಳು ನಕ್ಕಳು. ಮೊದಲು ಸದ್ದಿಲ್ಲದೆ ಭುಜ ಮಾತ್ರ ಕುಲುಕಿತು, ಆಮೇಲೆ ಬಾಯಿಗೆ ಕರವಸ್ತ್ರ ಹಿಡಿದರೂ ತಡೆಯಲಾಗಲಿಲ್ಲ. ಆರನೆಯ ಟೇಬಲಿಗೆ ಹೋಗಬೇಕಿದ್ದ ಎರಡು ದೋಸೆಯನ್ನು ನಾನು ಒಂಬತ್ತನೆಯ ಟೇಬಲಿಗೆ ಕೂಗಿದೆ.

ಹದಿನಾಲ್ಕನೆಯ ದೂರಿಗೆ ಮಾತ್ರ ಉತ್ತರ ಚಿಕ್ಕದಿತ್ತು. ಹನ್ನೊಂದು ಭಾಗ ಅಷ್ಟು ಹಿಗ್ಗಿನಿಂದ ಬರೆದ ಲೇಖಕ ಹನ್ನೆರಡನೆಯದನ್ನು ಮೂರು ಸಾಲಿನಲ್ಲಿ ಮುಗಿಸಿದ್ದೇಕೆ, ತಂತಿ ಕಳಿಸಿದ ಹಾಗೆ, ಎಂದು ಅವಳು ಕೇಳಿದ್ದಳು. ನಿಜಕ್ಕೂ ಕಾದಂಬರಿಯ ಕೊನೆ ಇಷ್ಟೇ: ‘ಕಳ್ಳರು ಸೆರೆ ಸಿಕ್ಕರು. ನೌಕೆ ಭೂಮಿಗೆ ಮರಳಿತು. ಎಲ್ಲರೂ ಕ್ಷೇಮ.’ ಅಜ್ಜನ ಉತ್ತರ ‘ಗಮನಕ್ಕೆ ಬಂದಿದೆ’ ಎಂದಷ್ಟೇ ಇತ್ತು. ಸುಧಾರಿಸಲಾಗುವುದು ಎಂದು ಇರಲಿಲ್ಲ.

‘ಇದು ಉತ್ತರ ಅಲ್ಲ,’ ಎಂದಳು ಇಂಪನಾ. ‘ಹಳೇ ಪುಸ್ತಕ ತೋರಿಸ್ತೀರಾ?’

ಹಾಗೆ ಭಾನುವಾರಗಳು ಶುರುವಾದವು. ಮೂಲೆಯ ಮೂರನೆಯ ಟೇಬಲಿನಲ್ಲಿ ಕೂತು ಅವಳು ಹಳೆಯ ಪುಸ್ತಕಗಳನ್ನು ಒಂದೊಂದಾಗಿ ಓದಿದಳು. ರಶ್ ಕಡಿಮೆಯಾದಾಗ ನಾನು ಹೋಗಿ ಎದುರು ಕೂರುತ್ತಿದ್ದೆ. ಆ ಕಾಲದ ಓದುಗರು ದಯೆದಾಕ್ಷಿಣ್ಯ ಇಟ್ಟುಕೊಂಡವರಲ್ಲ. ಸಾಂಬಾರಿನಲ್ಲಿ ಬೇಳೆ ಕಡಿಮೆ, ಮೂರನೆಯ ಭಾಗದಲ್ಲಿ ಯುದ್ಧವೂ ಕಡಿಮೆ ಎಂದು ಒಬ್ಬ ಬರೆದಿದ್ದ. ನೌಕೆ ಹೊರಟು ಎಂಟು ದಿನವಾದರೂ ಯಾರೊಬ್ಬರೂ ಸ್ನಾನ ಮಾಡಿಲ್ಲ ಎಂದು ಇನ್ನೊಬ್ಬ ಬರೆದದ್ದಕ್ಕೆ, ಐದನೆಯ ಭಾಗದಲ್ಲಿ ಬಿಸಿನೀರಿನ ವ್ಯವಸ್ಥೆ ಮಾಡಲಾಗುವುದು ಎಂದು ಕೆಂಪು ಉತ್ತರವಿತ್ತು, ಮಾಡಿಯೂ ಇದ್ದರು. ಒಬ್ಬ ಬಟ್ಟೆ ವ್ಯಾಪಾರಿಗೆ ಸಾಡೇಸಾತಿ ನಡೆಯುತ್ತಿತ್ತಂತೆ. ಬೆಳಿಗ್ಗೆ ಎದ್ದು ಶನಿಯ ಹೆಸರು ಓದಲಾಗುವುದಿಲ್ಲ, ದಯವಿಟ್ಟು ಕಳ್ಳರನ್ನು ಗುರುಗ್ರಹಕ್ಕೆ ವರ್ಗಾಯಿಸಿ ಎಂದು ಕೇಳಿದ್ದ. ಗ್ರಹ ಬದಲಿಸುವಂತಿಲ್ಲ, ಆದರೆ ನೌಕೆಯು ಶನಿವಾರ ಇಳಿಯುವುದಿಲ್ಲ ಎಂದು ಅಜ್ಜ ಭರವಸೆ ಕೊಟ್ಟಿದ್ದರು.

‘ಇವರೆಲ್ಲ ಎಷ್ಟು ಸೀರಿಯಸ್ಸಾಗಿ ಓದಿದಾರೆ ನೋಡಿ,’ ಎಂದಳು ಅವಳು ಒಂದು ದಿನ. ದನಿ ಮೆತ್ತಗಾಗಿತ್ತು. ‘ನಾನು ನಗೋಕೆ ಓದ್ದೆ. ಇವರು ಜಗಳ ಆಡೋಕೆ ಓದಿದಾರೆ. ಇವರೇ ವಾಸಿ.’

ಹೊಸ ಪುಸ್ತಕದಲ್ಲಿ ಅವಳ ದೂರುಗಳು ಮುಂದುವರಿದವು. ಗಲ್ಲಾದ ಮೇಲೆ ಕೂತವರು ನಗುವುದಿಲ್ಲ ಎಂದು ಬರೆದಳು. ಗಮನಕ್ಕೆ ಬಂದಿದೆ, ಸುಧಾರಿಸಲಾಗುವುದು ಎಂದು ನಾನು ಬರೆದೆ. ಮುಂದಿನ ವಾರ, ನಕ್ಕರು, ಆದರೆ ಬೇರೆ ಕಡೆ ನೋಡಿಕೊಂಡು ನಕ್ಕರು ಎಂದು ಬರೆದಳು. ಅದಕ್ಕೂ ಅದೇ ಉತ್ತರ ಬರೆದೆ. ಒಮ್ಮೆ, ತನ್ನ ದೋಸೆಯನ್ನು ಸಪ್ಲಾಯರ್ ಬದಲು ಮ್ಯಾನೇಜರೇ ತಂದುಕೊಟ್ಟರು, ಈ ಸೌಲಭ್ಯ ಎಲ್ಲ ಗಿರಾಕಿಗಳಿಗೂ ಇದೆಯೇ ಎಂದು ವಿಚಾರಿಸಿದ್ದಳು. ಅಂದು ಸಪ್ಲಾಯರ್ ರಜೆಯಲ್ಲಿದ್ದ ಎಂದು ಉತ್ತರಿಸಿದೆ. ಮರುದಿನ ನೋಡಿದರೆ ಅದರ ಕೆಳಗೆ ನೀಲಿ ಶಾಯಿಯಲ್ಲಿ ದಪ್ಪ ಅಕ್ಷರ: ‘ಸುಳ್ಳು. ಸಪ್ಲಾಯರ್ ಇದ್ದಾ. ನಾ ನೋಡೇನಿ. – ಪ್ರಲ್ಹಾದ, ಮಾರ್ಕೆಟ್ ಯಾರ್ಡ್.’

ಆಗ ಗೊತ್ತಾಯಿತು, ಪುಸ್ತಕಕ್ಕೆ ಓದುಗರಾಗಿದ್ದಾರೆ ಎಂದು. ಸೋಮವಾರ ಬೆಳಿಗ್ಗೆ ಬಂದವರು ಇಡ್ಲಿ ಹೇಳುವ ಮೊದಲು ಪುಸ್ತಕ ತಿರುವುತ್ತಿದ್ದರು. ಕನ್ನಡ ಬಾರದವರಿಗೆ ಪ್ರಲ್ಹಾದ ಕಾಕಾ ಮರಾಠಿಯಲ್ಲಿ ಸಾರಾಂಶ ಹೇಳುತ್ತಿದ್ದರು. ಒಂದು ವಾರ ಅವಳು ಜ್ವರವೆಂದು ಬರಲಿಲ್ಲ. ಮುಂದಿನ ಭಾಗ ಎಲ್ಲಿ ಎಂದು ಇಬ್ಬರು ಬರೆದರು. ನನಗೆ ನಾಚಿಕೆಯಾಯಿತು. ನಾನು ಅವಳನ್ನು ಪ್ರೀತಿಸುತ್ತಿದ್ದೆ, ಅದರಲ್ಲಿ ಅನುಮಾನವಿರಲಿಲ್ಲ. ಜ್ವರದ ಆ ಭಾನುವಾರ ಹೋಟೆಲು ತುಂಬಿದ್ದರೂ ನನಗೆ ಖಾಲಿ ಎನಿಸಿತ್ತು. ಆದರೆ ಪ್ರೀತಿಸುವುದು ಬೇರೆ, ಅದನ್ನು ಮೊಳೆಗೆ ತೂಗಹಾಕುವುದು ಬೇರೆ.

ಹದಿಮೂರನೆಯ ಭಾನುವಾರ ಅವಳು ನನ್ನನ್ನು ಮೂರನೆಯ ಟೇಬಲಿಗೆ ಕರೆದಳು. ನಗಲಿಲ್ಲ. ಅರವತ್ತನಾಲ್ಕನೆಯ ಇಸವಿಯ ಪುಸ್ತಕ ತೆರೆದಿತ್ತು.

‘ಇಲ್ಲಿ ನೋಡಿ. ಇದೊಂದಕ್ಕೇ ಕೆಂಪು ಇಲ್ಲ,’ ಎಂದಳು.

ಬರೆದವಳ ಹೆಸರು ದೇವೀರಮ್ಮ. ಅವಳ ಅಕ್ಷರ ಇಂಪನಾಳಿಗೆ ಆಗಲೇ ಪರಿಚಿತವಾಗಿತ್ತು. ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮೈಸೂರಿನ ಕಡೆಯವರೊಬ್ಬರ ಮಗಳು. ಆಗ ಹೆಂಗಸರಿಗೆ ಪರದೆ ಹಾಕಿದ ಫ್ಯಾಮಿಲಿ ರೂಮ್ ಇತ್ತು. ಅವಳು ತಾಯಿಯೊಂದಿಗೆ ಅಲ್ಲಿ ಕೂರುತ್ತಿದ್ದಳು. ಸಪ್ಲಾಯರ್ ಪುಸ್ತಕವನ್ನು ಪರದೆಯ ಸಂದಿಯಿಂದ ಒಳಗೆ ಕೊಡುತ್ತಿದ್ದ. ಅವಳು ತಿಂಡಿಯ ಮೇಲೆ ಎಂದೂ ದೂರಿದವಳಲ್ಲ. ಅವಳ ದೂರೆಲ್ಲ ಕ್ಯಾಪ್ಟನ್ ವಿಜಯೇಂದ್ರನ ಮೇಲೆ. ಏಳು ಭಾಗಗಳಿಂದ ಅವನು ಸೀರೆಯುಟ್ಟ ನಾಯಕಿ ತಾರಾಮತಿಯ ಎದುರು ನಿಂತು ಬರೀ ನಕ್ಷತ್ರ ತೋರಿಸುತ್ತಿದ್ದಾನೆ, ಬಾಯಲ್ಲಿ ಮಾತು ಬರುವುದಿಲ್ಲವೇ ಎಂದು ಒಂದು ಕಡೆ ಕೇಳಿದ್ದಳು. ಮುಂದಿನ ಭಾಗದಲ್ಲಿ ಸುಧಾರಿಸಲಾಗುವುದು ಎಂದು ಅಜ್ಜ ಬರೆದಿದ್ದರು. ಮುಂದಿನ ಭಾಗದಲ್ಲಿ ಕ್ಯಾಪ್ಟನ್ ಇನ್ನೊಂದು ನಕ್ಷತ್ರ ತೋರಿಸಿದ್ದ.

ಅವಳು ಬರೆದ ಕೊನೆಯದು ಹೀಗಿತ್ತು: ‘ಹನ್ನೊಂದನೆಯ ಭಾಗ ಚೆನ್ನಾಗಿದೆ. ಇದು ದೂರಲ್ಲ. ನಮ್ಮ ತಂದೆಗೆ ಜಬಲ್ಪುರಕ್ಕೆ ವರ್ಗವಾಗಿದೆ. ಸೋಮವಾರ ಹೊರಡುತ್ತೇವೆ. ಈ ಕಥೆ ಬರೆಯುವವರಿಗೆ ನಮ್ಮ ಮನೆಗೆ ಬಂದು ತಂದೆಯವರಲ್ಲಿ ಮಾತನಾಡುವ ಮನಸ್ಸಿದ್ದರೆ ಭಾನುವಾರದ ಒಳಗೆ ಇದರ ಕೆಳಗೆ ಬರೆಯಬೇಕು. ನಾನು ಬಂದು ಓದುತ್ತೇನೆ.’

ಅದರ ಕೆಳಗೆ ಎರಡು ಬೆರಳಿನಷ್ಟು ಖಾಲಿ ಜಾಗ. ಆಮೇಲೆ ಬೇರೆ ಯಾರೋ ಚಟ್ನಿಗೆ ಉಪ್ಪು ಜಾಸ್ತಿ ಎಂದು ಬರೆದಿದ್ದರು, ಅದಕ್ಕೆ ಉತ್ತರ ಇತ್ತು.

ನಾನು ಅಜ್ಜನ ಹತ್ತಿರ ಹೋಗಿ ಪುಟ ತೋರಿಸಿದೆ. ಅಜ್ಜ ನಮ್ಮನ್ನು ಬೈಯುವುದು ತುಳುವಿನಲ್ಲಿ, ಮುಖ್ಯವಾದದ್ದನ್ನು ಹೇಳುವುದು ಕನ್ನಡದಲ್ಲಿ. ಕನ್ನಡಕ ಹಾಕಿ ನೋಡಿದರು. ಓದಿದ ಹಾಗೆ ಕಾಣಲಿಲ್ಲ; ಓದುವ ಅಗತ್ಯವಿರಲಿಲ್ಲವೇನೋ.

‘ಕೆಂಪು ಶಾಯಿ ಹಾಕಿದ್ರೆ ಇಡೀ ಸ್ವಾರಗೇಟ ಓದ್ತಿತ್ತು,’ ಎಂದರು. ‘ಭಾನುವಾರ ನಾನೇ ಖಡಕಿಗೆ ಹೋಗಿ ಹೇಳುವ ಅಂತ ಇದ್ದೆ.’

‘ಮತ್ತೆ?’

‘ಭಾನುವಾರ ರಶ್ ಇತ್ತು.’

ದೇವೀರಮ್ಮ ಅಂದು ಬಂದು, ನಿಂತು ಪುಟ ನೋಡಿ ಹೋದದ್ದನ್ನು ಅವರು ಗಲ್ಲಾದಿಂದಲೇ ನೋಡಿದ್ದರಂತೆ. ಮುಂದಿನ ತಿಂಗಳು ಹುಬ್ಬಳ್ಳಿಯ ಪ್ರೆಸ್ಸಿನವರು ಪುಸ್ತಕ ಅಚ್ಚು ಹಾಕುತ್ತೇವೆ, ಕೊನೆಯ ಭಾಗ ಕೊಡಿ ಎಂದಾಗ ಮೂರು ಸಾಲು ಬರೆದುಕೊಟ್ಟರು. ಮತ್ತೆ ಏನನ್ನೂ ಬರೆಯಲಿಲ್ಲ. ಎರಡು ವರ್ಷದ ನಂತರ ಊರಿನಿಂದ ಅಜ್ಜಿಯನ್ನು ಮದುವೆಯಾಗಿ ಬಂದರು, ಚೆನ್ನಾಗಿಯೇ ಬಾಳಿದರು. ಅವರು ಅಂದು ಉತ್ತರ ಬರೆದಿದ್ದರೆ ನಾನು ಹುಟ್ಟುತ್ತಿರಲಿಲ್ಲ. ಆ ದೃಷ್ಟಿಯಿಂದ ನನಗೆ ದೂರಲು ಏನೂ ಇಲ್ಲ.

ಇಂಪನಾಳಿಗೆ ಇದನ್ನೆಲ್ಲ ಹೇಳಿದೆ. ಅವಳು ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

‘ನಮ್ಮಲ್ಲಿ ಇದನ್ನ ಓಪನ್ ಟಿಕೆಟ್ ಅಂತೀವಿ,’ ಎಂದಳು. ‘ಉತ್ತರ ಬರೋವರೆಗೂ ಓಪನ್ನೇ. ಎಷ್ಟು ವರ್ಷ ಆದ್ರೂ.’

ನಂತರದ ಭಾನುವಾರ ಅವಳು ಹೆಚ್ಚು ಹೊತ್ತು ಕೂರಲಿಲ್ಲ. ಗಲ್ಲಾದ ಪಕ್ಕ ನಿಂತು ಹೊಸ ಪುಸ್ತಕದಲ್ಲಿ ಬರೆದಳು. ಬರೆಯುವಾಗ ಒಂದೆರಡು ಸಲ ತಲೆಯೆತ್ತಿ ನನ್ನನ್ನು ನೋಡಿದಳು. ದಾರಿ ಸರಿಯಿದೆಯೇ ಎಂದು ಅಡ್ರೆಸ್ ನೋಡಿಕೊಳ್ಳುವವರ ಹಾಗೆ ನೋಡಿ ಮತ್ತೆ ಬರೆದಳು. ನಾನು ಆ ಪುಟ ತೆರೆಯುವ ಹೊತ್ತಿಗೆ ಸಂಜೆ ಐದು ಗಂಟೆ, ಅಷ್ಟರಲ್ಲಿ ಆರು ಜನ ಓದಿಯಾಗಿತ್ತು.

‘ಇದು ದೂರಲ್ಲ. ಹಳೆಯ ಪುಸ್ತಕಗಳನ್ನು, ದೇವೀರಮ್ಮನ ಪುಟವೂ ಸೇರಿ, ನಾನು ಒಂಬತ್ತನೆಯ ವಾರಕ್ಕೇ ಓದಿ ಮುಗಿಸಿದ್ದೆ. ಆಮೇಲೆ ಬಂದದ್ದು ರಕ್ಷಿತ್ ಅವರನ್ನು ನೋಡಲು. ಅವರೆಂದರೆ ನನಗೆ ಇಷ್ಟ. ನಮ್ಮ ಟೀಮನ್ನು ಚೆನ್ನೈಗೆ ಕಳಿಸುತ್ತಿದ್ದಾರೆ. ಹೋಗಲು ಮನಸ್ಸಿಲ್ಲದವರು ಇಲ್ಲೇ ಬೇರೆ ಟೀಮು ಕೇಳಬಹುದು, ಎಂಟು ದಿನದೊಳಗೆ ಹೇಳಬೇಕು. ಮುಂದಿನ ಭಾನುವಾರ ಬಂದು ಓದುತ್ತೇನೆ. ಸುಧಾರಿಸಲಾಗುವುದು ಎಂದು ಬರೆದರೆ ಕಾಫಿ ಕುಡಿಯದೆ ಹೋಗುತ್ತೇನೆ. – ಇಂಪನಾ.’

ನಾನು ಹುರಿ ಬಿಚ್ಚಿ ಪುಸ್ತಕವನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ.

ಅವಳಿಗೆ ಹೌದು ಎನ್ನಲು ನನಗೆ ಹೆದರಿಕೆ ಇರಲಿಲ್ಲ. ಅವಳು ಎದುರಿಗಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ ಎಂದು ಆ ವಾರವಿಡೀ ನನಗೆ ನಾನೇ ಹೇಳಿಕೊಂಡೆ. ಫೋನಿನಲ್ಲಿ ಹೇಳಬಹುದಿತ್ತು, ನಂಬರಿತ್ತು. ಆದರೆ ಅವಳು ಕೇಳಿದ್ದು ಫೋನಿನಲ್ಲಿ ಅಲ್ಲ. ಆರ್ಡರ್ ಬರೆಯುವ ಚೀಟಿಗಳ ಮೇಲೆ ಕೆಂಪು ಪೆನ್ನಿನಲ್ಲಿ ಬರೆದು ನೋಡಿದೆ. ಬರೆದ ಕೂಡಲೇ ಪ್ರಲ್ಹಾದ ಕಾಕಾ ಅದನ್ನು ಮರಾಠಿಗೆ ಅನುವಾದಿಸುವುದು ಕಿವಿಗೆ ಕೇಳಿಸುತ್ತಿತ್ತು. ಹರಿದೆ. ಮಂಗಳವಾರ ಕಾಕಾ ಪುಸ್ತಕ ಕೇಳಿದರು. ಬೈಂಡಿಂಗಿಗೆ ಕೊಟ್ಟಿದೆ ಎಂದೆ. ಗುರುವಾರ ಮತ್ತೆ ಕೇಳಿದರು. ಅಜ್ಜ ಸ್ಟೂಲಿನ ಮೇಲೆ ಕೂತು ಖಾಲಿ ಮೊಳೆಯನ್ನು ನೋಡುತ್ತಿದ್ದರು.

ಭಾನುವಾರ ಹತ್ತೂವರೆಗೆ ಇಂಪನಾ ಬಂದಳು. ಬಾಗಿಲಲ್ಲಿ ಇಪ್ಪತ್ತು ಮಂದಿ ಟೇಬಲಿಗಾಗಿ ಕಾಯುತ್ತಿದ್ದರು, ನಾನು ಹೆಸರು ಕೂಗಿ ಒಳಗೆ ಬಿಡುತ್ತಿದ್ದೆ. ಅವಳು ಅವರನ್ನೆಲ್ಲ ದಾಟಿ ಗಲ್ಲಾದ ಎದುರು ನಿಂತಳು. ಮೊಳೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಎಡಹುಬ್ಬು ಏರಲಿಲ್ಲ. ಕಣ್ಣಿನಲ್ಲಿ ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

‘ಕಾಫಿ...’ ಎಂದೆ.

‘ಬೇಡ,’ ಎಂದಳು.

ಅವಳು ಹೋದಳು. ನಾನು ಮುಂದಿನ ಹೆಸರು ಕೂಗಿದೆ, ಯಾರೂ ಬರಲಿಲ್ಲ. ಮತ್ತೆ ನೋಡಿದರೆ ಒಳಗೆ ಆಗಲೇ ತಿನ್ನುತ್ತ ಕೂತವರ ಹೆಸರನ್ನು ಕೂಗಿದ್ದೆ. ಮೊದಲ ಟೇಬಲಿನಲ್ಲಿ ಪ್ರಲ್ಹಾದ ಕಾಕಾ ಕೈತೊಳೆದು ಎದ್ದು ಬಂದರು.

‘ರಕ್ಷಿತ, ದೂರಿನ ಪುಸ್ತಕ ಕೊಡಪಾ. ನನ್ನ ಒಂದು ದೂರ ಅದ,’ ಎಂದರು.

‘ಬೈಂಡಿಂಗಿಗೆ...’

‘ಡ್ರಾಯರ್‌ನ್ಯಾಗ ಅದ. ಎಲ್ಲಾರಿಗೂ ಗೊತ್ತದ. ನಾವೇನು ನಗಾಕ ಓದತಿದ್ದಿಲ್ಲ. ಛಲೋ ಆಗ್ಲಿ ಅಂತ ಓದತಿದ್ವಿ.’

ಪಕ್ಕದಲ್ಲಿ ಅಜ್ಜ ಸ್ಟೂಲಿನಿಂದ ಎದ್ದರು. ಗಲ್ಲಾವನ್ನು ಹಿಡಿದುಕೊಂಡು ಈ ಬದಿಗೆ ಬಂದು ನನ್ನ ಕುರ್ಚಿಯ ಹತ್ತಿರ ನಿಂತರು.

‘ರಶ್ ಉಂಟಾ?’ ಎಂದು ಕೇಳಿದರು.

‘ಉಂಟು.’

‘ನಾನು ಕೂತ್ಕೊಳ್ತೇನೆ. ನೀನು ಬರೆದು ಹೋಗು.’

ಅವರ ಮುಖ ನೋಡಿದೆ. ಅರವತ್ತು ವರ್ಷದಿಂದ ಅದೇ ಒಂದು ಭಾನುವಾರ ಅವರ ಪಾಲಿಗೆ ಮುಗಿದೇ ಇಲ್ಲ ಎಂದು ಕಂಡಿತು. ನಾನು ಬೀಗ ತೆಗೆದೆ. ನಿಂತುಕೊಂಡೇ, ಕಾಕಾ ಮತ್ತು ಇಪ್ಪತ್ತು ಜನ ಬಗ್ಗಿ ನೋಡುತ್ತಿರುವಾಗಲೇ ಕೆಂಪಿನಲ್ಲಿ ಬರೆದೆ. ಬರೆದು ಮುಗಿಸುವಾಗ ಕಾಕಾ ಮರಾಠಿಯಲ್ಲಿ ಎರಡನೆಯ ಸಾಲಿನಲ್ಲಿದ್ದರು. ಪುಸ್ತಕ ಎತ್ತಿಕೊಂಡು ಓಡಿದೆ. ಹುರಿ ಹಿಂದೆ ನೇತಾಡುತ್ತಿತ್ತು.

ಹಿಂಜವಾಡಿಯ ಬಸ್ಸು ಇನ್ನೂ ನಿಂತಿತ್ತು. ಅವಳು ಕಿಟಕಿಯ ಪಕ್ಕ ಕೂತಿದ್ದಳು, ಕಣ್ಣು ಒದ್ದೆಯಾಗಿತ್ತು. ನಾನು ಏದುಸಿರು ಬಿಡುತ್ತ ಪುಸ್ತಕವನ್ನು ಕಿಟಕಿಯ ಸರಳಿನ ಸಂದಿಯಿಂದ ಒಳಗೆ ತೂರಿಸಿದೆ. ಅವಳು ತೆಗೆದುಕೊಂಡು ತೊಡೆಯ ಮೇಲಿಟ್ಟು ಓದಿದಳು.

‘ಬರೆದದ್ದು ನೂರಕ್ಕೆ ನೂರು ಸರಿ. ನನಗೂ ಇಂಪನಾ ಎಂದರೆ ಇಷ್ಟ, ಮೊದಲನೆಯ ಕಾಫಿಯಿಂದ. ಚೆನ್ನೈ ಬೇಡ. ಮಳವಳ್ಳಿಗೆ ಯಾವಾಗ ಬರಬೇಕು ಹೇಳಿದರೆ ಬರುತ್ತೇನೆ, ಭಾನುವಾರವಾದರೂ ಸರಿ. ಅಂದು ಸಪ್ಲಾಯರ್ ರಜೆಯಲ್ಲಿರಲಿಲ್ಲ. – ರಕ್ಷಿತ್.’

ಅವಳು ಎರಡು ಸಲ ಓದಿದಳು. ಬಸ್ಸು ಸ್ಟಾರ್ಟ್ ಆಯಿತು.

‘ಡೇಟ್ ಹಾಕಿಲ್ಲ,’ ಎಂದಳು.

‘ಎಂತ?’

‘ಉತ್ತರಕ್ಕೆ ತಾರೀಖು ಹಾಕ್ಬೇಕು ಅಂತ ನೀವೇ ಹೇಳಿದ್ರಲ್ಲ. ಡೇಟ್ ಇಲ್ದೆ ನಾನು ಕ್ಲೋಸ್ ಮಾಡಲ್ಲ.’

ಎಡಹುಬ್ಬು ಏರಿತ್ತು. ಕೆಂಪು ಪೆನ್ನು ನನ್ನ ಕಿವಿಯ ಹಿಂದೆಯೇ ಇತ್ತು. ಇಳಿಯುವುದೋ ಕೂರುವುದೋ ಬೇಗ ಹೇಳಿ ಎಂದು ಕಂಡಕ್ಟರ್ ಮರಾಠಿಯಲ್ಲಿ ಗದರಿದ. ಇಳಿಯುವುದು ಎಂದು ಅವಳು ಮರಾಠಿಯಲ್ಲೇ ಹೇಳಿ, ಪುಸ್ತಕವನ್ನು ಎದೆಗೆ ಅವಚಿಕೊಂಡು ಇಳಿದಳು. ಬಸ್‌ಸ್ಟ್ಯಾಂಡಿನ ಕಂಬಕ್ಕೆ ಪುಸ್ತಕವನ್ನು ಒತ್ತಿ ಹಿಡಿದಳು, ನಾನು ತಾರೀಖು ಹಾಕಿದೆ. ಅಂಕಿ ಸೊಟ್ಟಗಾಯಿತು. ಅವಳು ನನ್ನ ಕೈಯನ್ನು ಪೆನ್ನು ಸಮೇತ ಹಿಡಿದುಕೊಂಡಳು, ಹೋಟೆಲು ಮುಟ್ಟುವವರೆಗೆ ಬಿಡಲಿಲ್ಲ.

ನಾವು ಬಂದಾಗ ಬಾಗಿಲಿನಲ್ಲಿ ಕಾಯುವವರು ಹೆಚ್ಚಾಗಿದ್ದರು. ಅಜ್ಜ ಕುರ್ಚಿಯಲ್ಲಿ ಕೂತಿದ್ದರು, ಹೆಸರು ಕೂಗುತ್ತಿರಲಿಲ್ಲ. ಗೋಡೌನಿನ ಹಳೆಯ ಪುಸ್ತಕ ಅವರ ಎದುರು ತೆರೆದಿತ್ತು, ಕಾಕಾ ತಂದುಕೊಟ್ಟಿದ್ದರಂತೆ. ನಮ್ಮನ್ನು ನೋಡಿ, ನಮ್ಮ ಕೈಗಳನ್ನು ನೋಡಿ, ತಲೆಯಾಡಿಸಿದರು.

‘ಕೆಂಪು ಪೆನ್ನು ಕೊಡು,’ ಎಂದರು.

ಕೊಟ್ಟೆ. ಎರಡು ಬೆರಳಿನಷ್ಟು ಖಾಲಿ ಜಾಗದಲ್ಲಿ ಅವರು ನಿಧಾನವಾಗಿ ಬರೆಯತೊಡಗಿದರು. ದೇವೀರಮ್ಮ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ಇದನ್ನು ಯಾರು ಓದುತ್ತಾರೆ ಎಂದು ಇಂಪನಾ ಮೆಲ್ಲಗೆ ನನ್ನನ್ನು ಕೇಳಿದಳು. ಅಜ್ಜನ ಕಿವಿ ಇನ್ನೂ ಚುರುಕು.

‘ಯಾರು ಓದದಿದ್ರೂ ಉತ್ತರ ಕೊಡ್ಬೇಕು,’ ಎಂದರು, ತಲೆಯೆತ್ತದೆ.

ಬರೆದದ್ದು ಒಂದೇ ಸಾಲು: ‘ಬರುತ್ತೇನೆ ಎಂದು ಅಂದೇ ಬರೆಯಬೇಕಿತ್ತು. ತಡವಾಯಿತು. – ಮೋಹನದಾಸ್.’ ಆಮೇಲೆ ಇವತ್ತು ತಾರೀಖು ಎಷ್ಟು ಎಂದು ಕೇಳಿದರು. ಇಂಪನಾ ಹೇಳಿದಳು. ಅವರು ಒಂದೊಂದೇ ಅಂಕಿಯನ್ನು ತಿದ್ದಿ ತಿದ್ದಿ ಬರೆದರು.

ಭಾನುವಾರ, ಹನ್ನೊಂದು ಗಂಟೆ. ಬಾಗಿಲಿನಲ್ಲಿ ಮೂವತ್ತು ಜನ ನಿಂತಿದ್ದರು. ಅವರು ಬರೆದು ಮುಗಿಸುವವರೆಗೆ ಎಲ್ಲರೂ ಕಾದರು.